ವೈನಿಯ ಮೀನಿಗೆ ಆರಾಮಿಲ್ಲ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನಗೊಂದು ಹೆಸರಿದೆ. ಹೈದರಾಬಾದಿನ ಮಿಯಾಪುರದ ಈ ದೊಡ್ಡ ಕಟ್ಟಡದಲ್ಲಿ ಯಾರ ಮನೆಯ ಸಿಂಕು ಕಟ್ಟಿಕೊಂಡರೂ, ಯಾರ ತಾಮ್ರದ ತಂಬಿಗೆ ಕಪ್ಪಾದರೂ ಮೊದಲು ನನ್ನ ಮನೆಯ ಗಂಟೆ ಒತ್ತುತ್ತಾರೆ. ಹುಣಸೆಹಣ್ಣು ಯಾವುದಕ್ಕೆ, ನಿಂಬೆಹಣ್ಣು ಯಾವುದಕ್ಕೆ, ಸೋಡಾ ಪುಡಿ ಯಾವುದಕ್ಕೆ ಎಂದು ನಾನು ಹೇಳಿಕೊಡುತ್ತೇನೆ. ಕೆಳಗಿನ ಮನೆಯ ತೆಲುಗು ಹುಡುಗಿ ಒಮ್ಮೆ ನಮ್ಮ ನೆಲ ನೋಡಿ, ‘ಆಂಟೀ, ಮೀ ಇಲ್ಲು ಅದ್ದಂಲಾ ಉಂದಿ’ ಎಂದಳು. ನಿಮ್ಮ ಮನೆ ಕನ್ನಡಿ ಇದ್ದ ಹಾಗಿದೆ ಎನ್ನುವ ಆ ಮಾತನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ, ಗಂಡ ಆಫೀಸಿನಿಂದ ಬಂದ ಮೇಲೆ ಅವರಿಗೂ ಹೇಳಿದೆ. ಹೊಗಳಿಕೆಯ ವಿಷಯದಲ್ಲಿ ನಾನು ಅಷ್ಟು ಸಣ್ಣ ಮನಸ್ಸಿನವಳು.

ಇದನ್ನು ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದಕ್ಕೆಲ್ಲ ನನ್ನ ತಿಕ್ಕಿ ತೊಳೆಯುವ ಚಟವೇ ಮೂಲ. ಅತ್ತೆಯ ಮೇಲೆ, ಗ್ರಹಣದ ಮೇಲೆ, ನಲ್ಲಿಯ ನೀರಿನ ಮೇಲೆ ತಪ್ಪು ಹಾಕಲು ನಾನು ಸಾಕಷ್ಟು ನೋಡಿದೆ. ಯಾವುದೂ ನಿಲ್ಲಲಿಲ್ಲ.

ನಮ್ಮ ಎದುರಿನ ಮನೆಯಲ್ಲಿ ಇರುವವರು ಕಲಬುರಗಿ ಕಡೆಯ ಗಂಡ ಹೆಂಡತಿ. ಅವರ ಹಿರಿಯರು ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು, ಇವರ ಅರ್ಧ ಆಯುಷ್ಯ ಕಾಚಿಗೂಡದ ಹಳೆಯ ಮನೆಯೊಂದರಲ್ಲಿ ಕಳೆದಿದೆ. ನಿವೃತ್ತಿಯಾದ ಮೇಲೆ ಇಲ್ಲಿಗೆ ಬಂದರು. ಯಜಮಾನರನ್ನು ನಾನು ಅಣ್ಣ ಎಂದು ಕರೆದದ್ದರಿಂದ ಆಕೆ ತಾನಾಗಿಯೇ ವೈನಿ, ಅಂದರೆ ಅತ್ತಿಗೆ, ಆದರು. ವೈನಿ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದವರು. ಮಾತು ಕಡಿಮೆ. ಹೇಳಿದ್ದನ್ನು ಒಂದೇ ಸಲ ಹೇಳುತ್ತಾರೆ, ಆಮೇಲೆ ನಿಮಗೆ ತಿಳಿಯಿತೇ ಎಂದು ಕನ್ನಡಕದ ಮೇಲಿನಿಂದ ನೋಡುತ್ತಾರೆ.

ಅವರ ಹಾಲಿನ ಕಿಟಕಿಯ ಪಕ್ಕದಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಒಂದೇ ಒಂದು ಗೋಲ್ಡ್‌ಫಿಶ್. ಅಂಗೈಯಷ್ಟು ಉದ್ದ, ಮೈಯೆಲ್ಲ ಕಿತ್ತಳೆ, ಬಾಲದ ತುದಿ ಬಿಳಿ. ಕಾಚಿಗೂಡದ ಮನೆಯಿಂದ ಬಕೆಟ್ಟಿನಲ್ಲಿ ಕೂತು ಬಂದ ಮೀನು ಅದು. ತೊಟ್ಟಿಯ ಗಾಜಿಗೆ ತೆಳ್ಳಗೆ ಹಸಿರು ಹತ್ತಿರುತ್ತಿತ್ತು, ಮೂಲೆಯಲ್ಲಿ ಗುಳುಗುಳು ಎನ್ನುವ ಫಿಲ್ಟರಿನ ಸ್ಪಂಜು ಕಂದು ಬಣ್ಣಕ್ಕೆ ತಿರುಗಿತ್ತು. ಚಹಾ ಕುಡಿಯಲು ಹೋದಾಗಲೆಲ್ಲ ಆ ಹಸಿರು ನೋಡಿ ನನ್ನ ಕೈ ತುರಿಸುತ್ತಿತ್ತು. ಒಂದೆರಡು ಸಲ, ‘ವೈನಿ, ನಾ ತೊಳದು ಕೊಡ್ಲ್ಯಾ?’ ಎಂದು ಕೇಳಿಯೂ ಇದ್ದೆ. ‘ಬ್ಯಾಡವಾ, ಅದಕ್ಕ ಅದ ಬೇಕು,’ ಎಂದು ನಕ್ಕಿದ್ದರು. ಸೋಮಾರಿತನಕ್ಕೆ ಒಂದು ನೆಪ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಚಳಿಗಾಲದ ಹೊತ್ತಿಗೆ ವೈನಿಗೆ ಊಟ ಸೇರದಾಯಿತು. ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿದರು. ಒಂದು ಸಂಜೆ ಅಣ್ಣ ನನ್ನನ್ನು ಲಿಫ್ಟಿನ ಬಳಿ ನಿಲ್ಲಿಸಿ, ಹೊಟ್ಟೆಯಲ್ಲಿರುವುದು ಕೆಟ್ಟ ಗಡ್ಡೆ ಎಂದು ಹೇಳಿದರು. ಹೇಳುವಾಗ ಗೋಡೆಯ ಮೇಲಿನ ಸ್ವಿಚ್ಚು ನೋಡುತ್ತಿದ್ದರು. ‘ಅಕಿಗೆ ಹುಣ್ಣಾಗೈತಿ ಅಂತ ಹೇಳೀನಿ. ಸಣ್ಣ ಆಪರೇಷನ್, ಆಮ್ಯಾಲ ಸ್ವಲ್ಪ ದಿನ ಔಷಧ ಏರಸ್ತಾರ, ಅಷ್ಟ. ಮಗಳಿಗೂ ಅಷ್ಟ ಹೇಳೀನಿ, ಅಕಿಗೆ ಈಗ ದಿನ ತುಂಬಾಕತ್ತಾವು. ನೀನೂ ಹಂಗ ಅನ್ನವಾ.’ ನಾನು ಹೂಂ ಎಂದೆ. ನಮ್ಮ ಮಂದಿಯಲ್ಲಿ ಇದು ಹೊಸದಲ್ಲ. ನನ್ನ ಸ್ವಂತ ಅಪ್ಪ ತಮಗೆ ಏನಾಗಿತ್ತೆಂದು ತಿಳಿಯದೆಯೇ ಹೋದರು, ನಾವೆಲ್ಲ ಸೇರಿ ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೆವು. ಅದನ್ನು ಪ್ರೀತಿ ಎಂದೇ ತಿಳಿದಿದ್ದೆವು.

ಅಣ್ಣನೂ ಜೊತೆಗೇ ಉಳಿಯುವವರಿದ್ದರಿಂದ, ಆಸ್ಪತ್ರೆಗೆ ಸೇರುವ ದಿನ ವೈನಿ ಮನೆಯ ಕೀಲಿ ಕೊಟ್ಟು, ನನ್ನನ್ನು ತೊಟ್ಟಿಯ ಮುಂದೆ ನಿಲ್ಲಿಸಿಕೊಂಡರು. ಬ್ಯಾಗು, ಚಪ್ಪಲಿ, ಚಾದರ ಎಲ್ಲ ಬಾಗಿಲಲ್ಲಿ ಕಾಯುತ್ತಿದ್ದವು. ‘ದಿನಾ ಒಮ್ಮೆ, ಇಷ್ಟ ಚಿಟಿಕಿ,’ ಎಂದು ಕಾಳಿನ ಡಬ್ಬಿ ತೋರಿಸಿದರು. ‘ಗಾಜಿಗೆ ಬಾಯಿ ಹಚ್ಚಿ ಬೇಡತೈತಿ, ಖರೆ. ಬೇಡಿದಷ್ಟು ಕೊಡಬ್ಯಾಡ. ಬೆನ್ನ ಮ್ಯಾಲಿನ ರೆಕ್ಕಿ ನೋಡ್ಕೋತ ಇರು. ನೆಟ್ಟಗ ನಿಂತಿದ್ರ ಆರಾಮ ಐತಿ ಅಂತ ತಿಳಿ. ಮಡಚಿ ಮೈಗೆ ಹತ್ತಿಸಿಕೊಂಡಿದ್ರ ಏನೋ ಆಗೈತಿ. ಅವಾಗ ಮೊದಲ ನನಗ ಹೇಳು.’ ಆಮೇಲೆ ಸ್ವಲ್ಪ ತಡೆದು, ‘ದಿನಾ ಒಂದು ವಿಡಿಯೊ ಕಳಸ್ತೀಯೇನು?’ ಎಂದರು. ಆಕೆ ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಕೊನೆಗೂ ಒಂದು ಕೆಲಸ ನನ್ನ ಕೈಗೆ ಕೊಟ್ಟರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಮೊದಲ ಕೆಲವು ವಾರ ಎಲ್ಲ ಸರಿಯಾಗಿಯೇ ಇತ್ತು. ಕೋಠಿಯ ಆಫೀಸಿನಿಂದ ಮೆಟ್ರೋದಲ್ಲಿ ಬಂದವಳೇ ಎದುರಿನ ಮನೆಗೆ ಹೋಗಿ, ಕಾಳು ಹಾಕಿ, ವಿಡಿಯೊ ಮಾಡುತ್ತಿದ್ದೆ. ಮೀನು ಬೆನ್ನಿನ ರೆಕ್ಕೆ ಎತ್ತಿಕೊಂಡು ಗಾಜಿನ ಹತ್ತಿರ ಬಂದು ಬಾಯಿ ಆಡಿಸುತ್ತಿತ್ತು. ಕೆಲವು ದಿನ ಚೆನ್ನಾಗಿ ಬರಲಿ ಎಂದು ಎರಡು ಮೂರು ವಿಡಿಯೊ ಮಾಡಿ ಒಂದನ್ನು ಕಳಿಸುತ್ತಿದ್ದೆ, ಉಳಿದವು ಫೋನಿನಲ್ಲೇ ಇರುತ್ತಿದ್ದವು. ವೈನಿ ಮರುಮಾತಿಗೆ ಒಂದು ಸಾಲು ಬರೆಯುತ್ತಿದ್ದರು. ಬಾಲ ಚಲೋ ಆಡಿಸಾಕತ್ತೈತಿ. ಇವತ್ತ ಹಸಿವು ಭಾಳ ಕಾಣತೈತಿ. ಆಪರೇಷನ್ ಆದ ಮರುದಿನ ಮಾತ್ರ ಏನೂ ಬರಲಿಲ್ಲ. ಅದರ ಮರುದಿನ, ಎರಡೂ ದಿನದ್ದು ನೋಡಿದೆ ಎಂದು ಬಂತು.

ಅಷ್ಟರಲ್ಲಿ ಗ್ರಹಣ ಬಂತು.

ನಮ್ಮ ಅತ್ತೆ ರಾಯಚೂರಿನವರು. ಗ್ರಹಣದ ದಿನ ಮನೆಯಲ್ಲಿ ಏನೇನು ನಡೆಯಬೇಕೆಂಬುದು ಅವರ ಬಾಯಲ್ಲೇ ಇದೆ. ಹಾಲು, ಉಪ್ಪಿನಕಾಯಿ, ಹಿಟ್ಟು ಎಲ್ಲದಕ್ಕೂ ದರ್ಭೆ ಬೀಳುತ್ತದೆ. ದರ್ಭೆ ಬೀಳದೆ ಉಳಿದ ನೀರನ್ನು ಗ್ರಹಣ ಬಿಟ್ಟ ಮೇಲೆ ಚೆಲ್ಲಿ, ಪಾತ್ರೆ ತಿಕ್ಕಿ, ಹೊಸ ನೀರು ತುಂಬಬೇಕು. ನನಗೆ ಇದರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದರೆ ಗಟ್ಟಿಯಾಗಿ ಹೌದು ಅನ್ನಲಾರೆ. ಆದರೆ ಇಡೀ ಮನೆ ತೊಳೆಯಲು ಒಂದು ದಿನ ಸಿಗುತ್ತದೆ ಎಂದರೆ ನಾನು ಬೇಡ ಎನ್ನುವವಳೂ ಅಲ್ಲ. ಮರುದಿನ ಬೆಳಿಗ್ಗೆ ನಮ್ಮ ಮನೆಯದೆಲ್ಲ ಮುಗಿಸಿ ಸೊಂಟಕ್ಕೆ ಕೈಯಿಟ್ಟು ನಿಂತಾಗ ಅತ್ತೆ ಕೇಳಿದರು: ‘ಎದುರಿನ ಮನಿ ನೀರು ಚೆಲ್ಲಿದೇನವಾ? ಕೀಲಿ ನಿನ್ನ ಕಡೇನ ಐತಿ. ಮನಿ ಹೆಣ್ಮಗಳು ದವಾಖಾನ್ಯಾಗ ಮಲಗ್ಯಾಳ. ಅಂಥಾ ಮನ್ಯಾಗ ಗ್ರಹಣದ ನೀರು ಇಡಬಾರದು.’

ಅತ್ತೆ ಕೊಡಗಳ ಬಗ್ಗೆ ಹೇಳಿದ್ದರು. ಅಡಿಗೆಮನೆಯ ಕೊಡ, ಬಚ್ಚಲಿನ ಬಕೆಟ್ಟು, ಅಷ್ಟೇ. ಅವನ್ನು ಚೆಲ್ಲಿ ಹಾಲಿಗೆ ಬಂದಾಗ ನನ್ನ ಕಣ್ಣು ತೊಟ್ಟಿಯ ಮೇಲೆ ಬಿತ್ತು. ದರ್ಭೆ ಬೀಳದ ನೀರು ಅಲ್ಲವೇ ಇದೂ, ಎಂದು ನನಗೆ ನಾನೇ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ಆ ಹಸಿರು ಗಾಜನ್ನು ತಿಕ್ಕಲು ಎಷ್ಟೋ ದಿನದಿಂದ ಕಾಯುತ್ತಿದ್ದ ಕೈಗೆ ಆ ಬೆಳಿಗ್ಗೆ ದೇವರೇ ಅಪ್ಪಣೆ ಕೊಟ್ಟ ಹಾಗಾಯಿತು.

ಮೀನನ್ನು ಚಹಾ ಸೋಸುವ ದೊಡ್ಡ ಜರಡಿಯಲ್ಲಿ ಹಿಡಿದು ಸಣ್ಣ ಬಕೆಟ್ಟಿಗೆ ಹಾಕಿದೆ. ತೊಟ್ಟಿಯ ನೀರನ್ನು ಕೊನೆಯ ಹನಿಯವರೆಗೂ ಮೊಗೆದು ಚೆಲ್ಲಿದೆ. ಕಲ್ಲುಗಳನ್ನು ಬಚ್ಚಲಲ್ಲಿ ಹರವಿ ಬ್ರಶ್ಶಿನಿಂದ ಉಜ್ಜಿದೆ. ಗಾಜನ್ನು ನಿಂಬೆಹಣ್ಣಿನಿಂದ ತಿಕ್ಕಿದೆ. ಆ ಕಂದು ಸ್ಪಂಜನ್ನು ಪಾತ್ರೆ ತೊಳೆಯುವ ಪುಡಿ ಹಾಕಿ, ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹೊಸದರಂತೆ ಮಾಡಿದೆ. ಅದರಿಂದ ಹೊರಟ ಕೊಳೆ ನೋಡಿ, ಇಷ್ಟು ದಿನ ಆ ಮೀನು ಬದುಕಿದ್ದೇ ಹೆಚ್ಚು ಎಂದುಕೊಂಡೆ. ಆಮೇಲೆ ನಲ್ಲಿ ತಿರುವಿ ತುಂಬಿಸಿದೆ. ಅವತ್ತು ನೀರು ಬ್ಲೀಚಿಂಗ್ ವಾಸನೆ ಹೊಡೆಯುತ್ತಿತ್ತು. ಶುದ್ಧ ನೀರಿನ ವಾಸನೆ ಎಂದೇ ನನಗೆ ಅನಿಸಿತು.

ತೊಟ್ಟಿ ಫಳಫಳ ಹೊಳೆಯಿತು. ಮೀನು ಗಾಳಿಯಲ್ಲಿ ನಿಂತಿದೆಯೇನೋ ಅನ್ನುವಷ್ಟು ತಿಳಿ. ವಿಡಿಯೊ ಮಾಡಿ ವೈನಿಗೆ ಕಳಿಸಿದೆ. ಅಷ್ಟಕ್ಕೇ ನಿಲ್ಲದೆ ಅಪಾರ್ಟ್‌ಮೆಂಟಿನ ಹೆಂಗಸರ ಗ್ರೂಪಿಗೂ ಹಾಕಿದೆ. ಚಪ್ಪಾಳೆ, ಹೂವು, ಕೈಮುಗಿದ ಚಿತ್ರ ಎಲ್ಲ ಬಂದವು. ಯಾರೋ ತಮ್ಮ ಮನೆಯ ತೊಟ್ಟಿಗೂ ಬರುತ್ತೀರಾ ಎಂದು ಕೇಳಿದರು. ವೈನಿಯ ಉತ್ತರ ಮಾತ್ರ ಎಂದಿನಂತೆ ಒಂದೇ ಸಾಲು: ನೀರು ಎಲ್ಲಾ ಬದಲಿ ಮಾಡಿದೇನು?

ಆ ಪ್ರಶ್ನೆಯ ಧಾಟಿ ನನಗೆ ತಿಳಿಯಿತು. ಶಾಲೆಯಲ್ಲಿ ಮೇಷ್ಟ್ರು ಹಾಗೆ ಕೇಳಿದರೆಂದರೆ ಉತ್ತರ ತಪ್ಪಿದೆ ಎಂದೇ ಅರ್ಥ. ಬೆರಳು ತಡೆಯಿತು. ಆಮೇಲೆ ಬರೆದೆ: ಇಲ್ರಿ ವೈನಿ, ಸ್ವಲ್ಪ ಅಷ್ಟ. ಆಕೆ ಬರೆದರು: ಆತು. ರೆಕ್ಕಿ ನೋಡ್ಕೋತ ಇರು.

ಮರುದಿನ ಸಂಜೆ ಹೋದಾಗ ಮೀನು ನೀರಿನ ಮೇಲ್ಭಾಗದಲ್ಲಿ ನಿಂತು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಹಸಿದಿದೆ ಎಂದು ಕಾಳು ಹಾಕಿದೆ. ಬಾಯಿಗೆ ತೆಗೆದುಕೊಂಡು ಉಗುಳಿತು. ಅದರ ಮರುದಿನ ಅದು ತಳದ ಮೂಲೆಯಲ್ಲಿ ಕಲ್ಲಿಗೆ ಹೊಟ್ಟೆ ಹಚ್ಚಿ ಕೂತಿತ್ತು. ಬೆನ್ನಿನ ರೆಕ್ಕೆ ಮಡಚಿ ಮೈಗೆ ಹತ್ತಿಕೊಂಡಿತ್ತು. ಬಾಲದ ಬಿಳಿ ತುದಿಯಲ್ಲಿ ದಾರದಷ್ಟು ತೆಳ್ಳಗಿನ ಕೆಂಪು ಗೆರೆಗಳು. ವೈನಿ ಹೇಳಿದ ಲಕ್ಷಣ ಮುಂದೆಯೇ ಇತ್ತು, ಗುರುತು ಹಿಡಿಯಲು ವಿದ್ಯೆ ಏನೂ ಬೇಕಿರಲಿಲ್ಲ. ಆಗ ಮೊದಲು ನನಗೆ ಹೇಳು ಎಂದಿದ್ದರು. ನಾನು ಫೋನ್ ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ. ಮೀನಿಗೆ ಆರಾಮಿಲ್ಲ ಎಂದರೆ ಏಕೆ ಎಂದು ಕೇಳುತ್ತಾರೆ. ಏಕೆ ಎಂದು ಹೇಳಿದರೆ ಮೊನ್ನೆ ಸುಳ್ಳು ಹೇಳಿದ್ದು ಹೊರಗೆ ಬೀಳುತ್ತದೆ. ಮೈಯಲ್ಲಿ ಔಷಧ ಏರಿಸಿಕೊಂಡು ಮಲಗಿದವರಿಗೆ ಇದೆಲ್ಲ ಏಕೆ, ಎಂದು ನನ್ನ ನಾಚಿಕೆಗೆ ನಾನೇ ಕರುಣೆಯ ಅಂಗಿ ತೊಡಿಸಿದೆ.

ಫೋನಿನಲ್ಲಿ ಉಳಿದಿದ್ದ ಹಳೆಯ ವಿಡಿಯೊಗಳಲ್ಲಿ ಒಂದನ್ನು ಹುಡುಕಿ ಕಳಿಸಿದೆ. ಮೀನು ರೆಕ್ಕೆ ಎತ್ತಿ ಗಾಜಿನ ಹತ್ತಿರ ಬಂದು ಬಾಯಿ ಆಡಿಸುವ ವಿಡಿಯೊ. ಕೆಳಗೆ ಬರೆದೆ: ಚಲೋ ಐತ್ರಿ ವೈನಿ. ಉತ್ತರವಾಗಿ ಕೈಮುಗಿದ ಚಿತ್ರವೊಂದು ಬಂತು, ಬೇರೆ ಮಾತಿಲ್ಲ. ನನಗೆ ಹಗುರಾಯಿತು.

ಮನೆಯಲ್ಲಿ ವೈದ್ಯಕ್ಕೇನೂ ಕೊರತೆ ಇರಲಿಲ್ಲ. ನನ್ನ ಗಂಡ ಬಂದು ನೋಡಿ, ‘ಏ, ಗ್ಯಾಸ್ ಆಗಿರ್ತೈತಿ ಬಿಡು,’ ಎಂದರು. ನಮ್ಮ ಮನೆಯಲ್ಲಿ ಹಲ್ಲುನೋವಿಗೂ ಗ್ಯಾಸೇ ಕಾರಣ. ಅತ್ತೆ ಒಂದಿಷ್ಟು ಅಜವಾನ ಜಗಿದು ನೀರಿಗೆ ಬಿಡಲೇ ಎಂದು ಕೇಳಿದರು, ನಾನು ಹೌಹಾರಿ ತಡೆದೆ. ಹಾಗಾದರೆ ದೃಷ್ಟಿಯಾದರೂ ತೆಗೆಯಲೇಬೇಕು ಎಂದು ಅವರು ಹಟ ಹಿಡಿದರು. ‘ಗ್ರೂಪಿನ್ಯಾಗ ಹಾಕಿದೆಲ್ಲ, ಎಷ್ಟ ಮಂದಿ ಕಣ್ಣು ಬಿದ್ದಾವೋ ಏನೋ,’ ಎಂದು ಉಪ್ಪು, ಸಾಸಿವೆ, ಕೆಂಪು ಮೆಣಸಿನಕಾಯಿ ಹಿಡಿದು ತೊಟ್ಟಿಗೆ ಇಳಿದೆಗೆದು ಸಿಂಕಿಗೆ ಚೆಲ್ಲಿದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಕಣ್ಣು ಬಿದ್ದದ್ದು ಯಾರದೆಂದು ನನಗೆ ಗೊತ್ತಿತ್ತು.

ಕೋಠಿಯಲ್ಲಿ ಊಟದ ಬಿಡುವಿನಲ್ಲಿ ಔಷಧದ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಮೀನು, ಗಿಳಿ, ಮೊಲ ಮಾರುವ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವ ನನ್ನ ಮಾತು ಅರ್ಧ ಕೇಳಿ ಒಂದು ಪುಟ್ಟ ಬಾಟಲಿ ಮುಂದಿಟ್ಟ. ‘ಸಬ್ ಬೀಮಾರಿ ಕಾ ಏಕ್‌ಹೀ ದವಾ, ಮೇಡಂ,’ ಎಂದ. ಎಲ್ಲ ರೋಗಕ್ಕೂ ಒಂದೇ ಔಷಧ ಎಂದರೆ ನಂಬಬಾರದೆಂದು ಬೇರೆಯವರಿಗೆ ನಾನೇ ಎಷ್ಟು ಸಲ ಹೇಳಿಲ್ಲ. ಆಮೇಲೆ ಅವನು ಪಕ್ಕದ ತೊಟ್ಟಿಯತ್ತ ಗದ್ದ ಎತ್ತಿ, ಸತ್ತರೆ ಇದೇ ಬಣ್ಣದ್ದು ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ನಾನು ಆ ತೊಟ್ಟಿಯನ್ನು ನೋಡಿದೆ. ಸುಮ್ಮನೆ ಅಲ್ಲ, ಬಾಲದ ತುದಿ ಬಿಳಿ ಇರುವುದು ಯಾವುದಾದರೂ ಇದೆಯೇ ಎಂದು ಹುಡುಕಿ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಇವತ್ತಿಗೂ ಯೋಚಿಸಲು ನನಗೆ ಧೈರ್ಯವಿಲ್ಲ.

ಬಾಟಲಿಯ ಔಷಧ ಹಾಕಿದ ಕೂಡಲೇ ತೊಟ್ಟಿ ಇಡೀ ನೀಲಿಯಾಯಿತು. ಒಂದು ಹನಿ ಸಾಕಿತ್ತೇನೋ, ನನ್ನ ಕೈ ಬಿಗಿ ಹಿಡಿಯಲಿಲ್ಲ. ಮೀನು ಆ ನೀಲಿಯಲ್ಲಿ ಒಂದು ಕಪ್ಪು ಗೆರೆಯಾಗಿ ಕಾಣುತ್ತಿತ್ತು. ಈಗಂತೂ ನಿಜವಾದ ವಿಡಿಯೊ ಕಳಿಸುವ ಪ್ರಶ್ನೆಯೇ ಇರಲಿಲ್ಲ. ಮತ್ತೊಂದು ಹಳೆಯದು ಕಳಿಸಿದೆ, ಮರುದಿನ ಇನ್ನೊಂದು. ಪ್ರತಿ ಸಲವೂ ಚಲೋ ಐತ್ರಿ ವೈನಿ. ಬೆಳಿಗ್ಗೆ ಲಿಫ್ಟಿನಲ್ಲಿ ಕೆಳಗಿನ ಮನೆಯ ಹುಡುಗಿ, ‘ಚೇಪ ಎಲಾ ಉಂದಿ ಆಂಟೀ?’ ಎಂದು ಮೀನಿನ ಕ್ಷೇಮ ಕೇಳಿದಾಗ, ‘ಬಾಗುಂದಿ, ಬಾಗುಂದಿ’ ಎಂದು ತೆಲುಗಿನಲ್ಲೂ ಅದನ್ನೇ ಹೇಳಿದೆ. ಆಮೇಲೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಇಳಿಯತೊಡಗಿದೆ. ಗಂಡ, ತೂಕ ಇಳಿಸಾಕತ್ತೀಯೇನು ಎಂದು ತಮಾಷೆ ಮಾಡಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಆಫೀಸಿನಲ್ಲಿ ವೈನಿಯ ಫೋನ್ ಬಂತು. ಆಸ್ಪತ್ರೆ ಸೇರಿದ ಮೇಲೆ ಆಕೆ ಫೋನ್ ಮಾಡಿದ್ದೇ ಇಲ್ಲ. ಫೈಲು ಬದಿಗಿಟ್ಟು ಎತ್ತಿದೆ. ದನಿ ಸೋತಿತ್ತು, ಆದರೆ ಮಾತು ನೆಟ್ಟಗಿತ್ತು.

‘ಹೊತ್ತು ಹೋಗವಲ್ದು. ಒಂದು ಪಾಠ ಹೇಳ್ತೀನಿ, ಕೇಳ್ತೀಯೇನು?’ ಎಂದರು.

‘ಹೇಳ್ರಿ ವೈನಿ.’

‘ಮೀನಿಗೆ ಏನೂ ಆಗಿಲ್ಲ, ಆ ಮಾತು ಬ್ಯಾರೆ. ಮುಂದ ಯಾವಾಗರ ಆದ್ರ ಅಂತ ಹೇಳಾಕತ್ತೀನಿ. ಮೀನು ಹೊರಗ ಹಾಕಿದ ಹೊಲಸು ನೀರಿನ್ಯಾಗ ವಿಷ ಆಗತೈತಿ. ಅದನ್ನ ತಿಂದು ಸುದ್ದ ಮಾಡೂ ಸೂಕ್ಷ್ಮಜೀವಿ ಇರ್ತಾವು. ಅವು ಎಲ್ಲಿ ಇರ್ತಾವು ಹೇಳು?’

ನಾನು ಮೇಜಿನ ಮೇಲೆ ಪೆನ್ಸಿಲು ಹುಡುಕಿದೆ.

‘ಆ ಕಂದು ಸ್ಪಂಜಿನ್ಯಾಗ, ಕಲ್ಲಿನ ಮ್ಯಾಲ. ಯಾರರ ಅದನ್ನ ಪುಡಿ ಹಾಕಿ ತೊಳದ್ರ ಎಲ್ಲಾ ಸಾಯ್ತಾವು. ಹೊರಗಿಂದ ನೀರು ತಿಳಿ ಕಾಣತೈತಿ, ಒಳಗ ಮೀನು ತನ್ನ ವಿಷದಾಗ ತಾನ ಕುಂತಿರತೈತಿ. ಮ್ಯಾಲ ನಲ್ಲಿ ನೀರಿನ ಬ್ಲೀಚಿಂಗ್ ಬ್ಯಾರೆ, ಅದು ಕಿವಿರು ಸುಡತೈತಿ. ಹಂಗಾದ್ರ ಮೊದಲ ತಿನಿಸೂದು ಬಂದ್ ಮಾಡಬೇಕು. ಬಕೆಟ್ನ್ಯಾಗ ನೀರು ಹಿಡದು ಒಂದು ದಿನ ಬಿಸಲಾಗ ಇಡಬೇಕು. ದಿನಾ ತೊಟ್ಟಿದು ಕಾಲು ಪಾಲು ನೀರು ತಗದು ಇದನ್ನ ಹಾಕಬೇಕು. ಪೂರಾ ಅಲ್ಲ, ಕಾಲು ಪಾಲು. ಕಲ್ಲುಪ್ಪು ಸ್ವಲ್ಪ ಕರಗಿಸಿ ಹಾಕಬೇಕು. ಕೆಲವು ಮಂದಿ ನೀಲಿ ಔಷಧ ಸುರುವ್ತಾರ. ಅಂಥಾ ಮಂದಿಗೆ ಏನ ಹೇಳೂದು.’

ನನ್ನ ಕಿವಿ ಕಾದು ಕೆಂಪಾಯಿತು. ಆದರೂ, ನೋಡಿ ನನ್ನ ಜಾಣತನ, ಇದು ಎಂಥ ಅದೃಷ್ಟ, ಕೇಳದೆಯೇ ಔಷಧ ಸಿಕ್ಕಿತಲ್ಲ ಎಂದು ಅಂದುಕೊಂಡೆ. ಆಫೀಸಿನ ಫೈಲಿನ ರಟ್ಟಿನ ಮೇಲೆ ಪೆನ್ಸಿಲಿನಿಂದ ಎಲ್ಲ ಗೀಚಿಕೊಂಡೆ. ಫೋನ್ ಇಡುವಾಗ ವೈನಿ, ‘ಐತವಾರ ಒಮ್ಮೆ ಬಂದು ಹೋಗು,’ ಎಂದರು.

ಆಕೆ ಹೇಳಿದ ಹಾಗೆಯೇ ಮಾಡಿದೆ. ನನ್ನ ಬಾಲ್ಕನಿಯ ತುಂಬ ಬಿಸಿಲಿಗಿಟ್ಟ ಬಕೆಟ್ಟುಗಳು. ದಿನವೂ ಸ್ವಲ್ಪ ಸ್ವಲ್ಪವಾಗಿ ನೀಲಿ ತೆಗೆದೆ, ಸ್ವಲ್ಪ ಸ್ವಲ್ಪವಾಗಿ ನಿಂತ ನೀರು ಹಾಕಿದೆ. ಅತ್ತೆಯ ಡಬ್ಬಿಯಿಂದ ಕಲ್ಲುಪ್ಪು ತೆಗೆಯುವಾಗ ಅವರು ನೋಡಿ, ‘ನಾ ಅವತ್ತ ಉಪ್ಪು ಹಿಡಕೊಂಡು ಹೋದಾಗ ಮಾರಿ ಓರೆ ಮಾಡಿದ್ಯಲ್ಲ,’ ಎಂದರು. ಉಪ್ಪು ಹಿಡಿದು ಎದುರಿನ ಮನೆಗೆ ಹೋದೆ. ಬಾಲದ ಅಂಚು ಕೊಳೆತು ಎರಡು ಕಡೆ ಹರಿದಿತ್ತು. ನೀರು ಬದಲಿಸಿ ಸುಮ್ಮನೆ ಮುಂದೆ ಕೂರುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ, ಅದರಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಕೈ ತಿಕ್ಕಲು ಏನನ್ನಾದರೂ ಹುಡುಕುತ್ತಿತ್ತು. ಶನಿವಾರ ನೀಲಿ ತಿಳಿಯಾಗಿ, ಮೀನು ಮೂಲೆ ಬಿಟ್ಟು ತೊಟ್ಟಿಯ ನಡುವಿನವರೆಗೆ ಬಂತು. ಒಂದು ಕಾಳು ಹಾಕಿದೆ. ಬಹಳ ಹೊತ್ತು ನೋಡಿ ತಿಂದಿತು, ಉಗುಳಲಿಲ್ಲ. ಅಷ್ಟೂ ದಿನಗಳಲ್ಲಿ ಮೊದಲ ಸಲ ಅವತ್ತು ಆ ದಿನದ್ದೇ ವಿಡಿಯೊ ಕಳಿಸಿದೆ, ದೂರದಿಂದ, ಬಾಲ ಕಾಣದ ಹಾಗೆ.

ಭಾನುವಾರ ಆಸ್ಪತ್ರೆಗೆ ಹೋದಾಗ ಅಣ್ಣ ಚಹಾ ತರುತ್ತೇನೆಂದು ಫ್ಲಾಸ್ಕು ಹಿಡಿದು ಹೊರಗೆ ಹೋದರು. ವೈನಿ ದಿಂಬಿಗೆ ಒರಗಿ ಕೂತಿದ್ದರು. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ನಾನು ಕುರ್ಚಿ ಎಳೆದುಕೊಂಡು, ಬಣ್ಣ ಚೆನ್ನಾಗಿ ಬಂದಿದೆ, ಮುಖದಲ್ಲಿ ಕಳೆ ಇದೆ ಎಂದು ಏನೇನೋ ಹೇಳತೊಡಗಿದೆ. ಆಕೆ ಕೇಳಿಸಿಕೊಂಡು, ತಮ್ಮ ಫೋನ್ ನನ್ನ ಮುಂದೆ ಹಿಡಿದರು.

‘ಇದು ನಿನ್ನೇದು. ಖರೆ ಐತಿ. ಇದರ ಹಿಂದಿನವು ಎಲ್ಲಾ ಹಳೇವು.’

ನಾನು ಫೋನಿನತ್ತ ಬಗ್ಗಿದೆ.

‘ನೀ ತಿಕ್ಕಿ ತಿಕ್ಕಿ ತೊಳದ ಗಾಜು ಎರಡ ದಿನದಾಗ ಮತ್ತ ಹಸರ ಆಗತೈತೇನು?’

ಗ್ರಹಣದ ಮರುದಿನದ ಫಳಫಳ ಗಾಜು, ಆಮೇಲೆ ನಾನು ಕಳಿಸಿದ್ದರಲ್ಲೆಲ್ಲ ಮತ್ತೆ ಹಸಿರು ಗಾಜು. ಊರಿಗೆಲ್ಲ ತೋರಿಸಿಕೊಂಡ ಆ ಹೊಳಪನ್ನು ನಾನೇ ಮರೆತಿದ್ದೆ. ಹಾಗಾದರೆ ಆ ಪಾಠ, ಆ ನೀಲಿ ಔಷಧದ ಮಾತು, ಎಲ್ಲ ಊಹಿಸಿಯೇ ಹೇಳಿದ್ದು. ನನ್ನ ಮಾನ ಹೋಗದ ಹಾಗೆ ಮೀನಿನ ಜೀವ ಉಳಿಸಲು ನೋಡಿದ್ದರು.

‘ತಪ್ಪಾತ್ರಿ ವೈನಿ, ಹೊಟ್ಟಿಗೆ ಹಾಕ್ಕೋರಿ,’ ಎಂದೆ. ಅಳು ಬಂತು.

‘ಮೀನಿಂದು ಇರಲಿ,’ ಎಂದರು. ‘ನೀ ಚಲೋ ಐತ್ರಿ, ಚಲೋ ಐತ್ರಿ ಅಂತ ಬರದೆಲ್ಲ, ಅದನ್ನ ಓದಿದಾಗ ನನಗ ಬ್ಯಾರೇನ ತಿಳೀತು. ನಮ್ಮನಿಯವ್ರು ದಿನಾ ಡಾಕ್ಟರ್ ಕಡಿಂದ ಬಂದು ಹಿಂಗ ಅಂತಾರ. ಥೇಟ್ ಹಿಂಗ. ಚಲೋ ಐತಿ, ಅಷ್ಟ. ಮುಂದ ಮಾತಿಲ್ಲ. ಅವತ್ತ ನಿನ್ನ ವಿಡಿಯೊ ನೋಡಿ ನನ್ನ ಜಡ್ಡು ನನಗ ತಿಳೀತು.’

ವೈನಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ‘ನನಗ ಏನಾಗೈತಿ ಅಂತ ನೀ ಹೇಳು. ನಿನಗ ಗೊತ್ತೈತಿ.’

ಗೊತ್ತಿತ್ತು. ಲಿಫ್ಟಿನ ಬಳಿ ಸ್ವಿಚ್ಚು ನೋಡುತ್ತ ನಿಂತ ಅಣ್ಣ ಕಣ್ಣ ಮುಂದೆ ಬಂದರು. ‘ಹುಣ್ಣು ಅಂತ...’ ಎಂದು ಶುರು ಮಾಡಿದೆ.

ಆಕೆ ಒತ್ತಾಯ ಮಾಡಲಿಲ್ಲ. ಕೈ ಚಾಚಿ ನನ್ನ ಕೈ ಹಿಡಿದರು. ‘ಆತು. ಮೀನಿಗೆ ಏನಾಗಿತ್ತು ಅಂತರ ಹೇಳು. ಖರೆ ಖರೆ ಹೇಳು.’

ಅದನ್ನು ಹೇಳಿದೆ. ಗ್ರಹಣದ ನೀರು ಚೆಲ್ಲಿದ್ದು, ಸ್ಪಂಜಿಗೆ ಪುಡಿ ಹಾಕಿ ಹಿಂಡಿದ್ದು, ಮರುದಿನ ಅದು ಮೇಲೆ ಬಂದು ಬಾಯಿ ಬಿಡುತ್ತಿದ್ದದ್ದು, ರೆಕ್ಕೆ ಮಡಚಿದ್ದು, ಬಾಲದ ಕೆಂಪು ಗೆರೆ, ನೀಲಿ ಔಷಧ, ಅಂಗಡಿಯಲ್ಲಿ ಅದರಂಥದೇ ಮೀನು ಹುಡುಕಿದ್ದು ಸಹ. ವೈನಿ ಕಣ್ಣು ಮುಚ್ಚಿಕೊಂಡು ಕೇಳಿದರು. ನಡುವೆ ಒಮ್ಮೆ, ‘ಭಾಳ ಸಂಕಟ ಪಡ್ತೇನು?’ ಎಂದು ಕೇಳಿದರು. ‘ಪಡ್ತರಿ,’ ಎಂದೆ. ಮುಚ್ಚಿದ ಕಣ್ಣಿನಲ್ಲೇ ತಲೆ ಆಡಿಸಿದರು.

‘ಈಗ ಉಳೀತೈತೇನು?’

‘ಗೊತ್ತಿಲ್ರಿ ವೈನಿ. ನಿನ್ನೆ ಒಂದು ಕಾಳು ತಿಂತು. ರೆಕ್ಕಿ ಅರ್ಧ ಎದ್ದೈತಿ. ಬಾಲ ಹರದೈತಿ. ಉಳೀತೈತೋ ಇಲ್ಲೋ, ನನಗ ಗೊತ್ತಿಲ್ರಿ.’

‘ಇಷ್ಟ ನೋಡು,’ ಎಂದು ಅವರು ನನ್ನ ಕೈ ಅದುಮಿದರು. ‘ಇಷ್ಟು ಹೇಳಾಕ ಯಾರಿಗೂ ಬಾಯಿ ಬರವಲ್ದು.’ ಅವರ ಮುಖ ಸಡಿಲವಾಗಿತ್ತು. ಬಹಳ ದಿನದ ಮೇಲೆ ಯಾರೋ ತಮ್ಮೊಂದಿಗೆ ನೆಟ್ಟಗೆ ಮಾತಾಡಿದರು ಎನ್ನುವ ಹಾಗೆ ಕೂತಿದ್ದರು. ಕೈ ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದು ಅಣ್ಣ ಒಳಗೆ ಬಂದರು. ಫ್ಲಾಸ್ಕು ಮೇಜಿನ ಮೇಲಿಟ್ಟು, ಕಪ್ಪುಗಳನ್ನು ಜೋಡಿಸುತ್ತ, ಎಂದಿಗಿಂತ ಸ್ವಲ್ಪ ದೊಡ್ಡ ದನಿಯಲ್ಲಿ ಹೇಳಿದರು: ‘ಡಾಕ್ಟರ್ ಕೆಳಗ ಸಿಕ್ಕಿದ್ರು. ರಿಪೋರ್ಟ್ ನೋಡಿದ್ರಂತ. ಎಲ್ಲಾ ಚಲೋ ಐತಿ ಅಂದ್ರು.’ ಆಮೇಲೆ ನನ್ನ ಕಡೆ ತಿರುಗಿದರು. ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ‘ಮುಖದ ಮ್ಯಾಲ ಕಳಿ ಬಂದೈತಿ, ಹೌದಲ್ಲೇನವಾ?’

ವೈನಿಯೂ ನನ್ನನ್ನೇ ನೋಡುತ್ತಿದ್ದರು.

‘ಹೌದ್ರಿ ಅಣ್ಣಾ,’ ಎಂದೆ. ‘ಭಾಳ ಚಲೋ ಕಾಣಾಕತ್ತಾರ.’

ವೈನಿ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು ಚಹಾದ ಕಪ್ಪಿಗೆ ಚಾಚಿದರು.